ಮೂರರಲ್ಲಿ ಇಲ್ಲದ ಉತ್ತರ

"ಬರುವ ಮಂಗಳವಾರ ವೋಟು ಹಾಕಲು ಹೋಗುತ್ತೀರಾ? ಖಂಡಿತ ಹೋಗುತ್ತೇನೆ, ಹೋಗಬಹುದು, ಹೇಳಲಾರೆ. ಈ ಮೂರರಲ್ಲಿ ಒಂದನ್ನು ಆರಿಸಿ" ಎಂದು ಚುನಾವಣಾ ಸಮೀಕ್ಷೆಯ ಕಚೇರಿಯಲ್ಲಿ ಕುಳಿತ ಡೆನೀಸ್ ಪರದೆಯ ಮೇಲಿದ್ದುದನ್ನು ಒಂದಕ್ಷರ ಬಿಡದೆ ಫೋನಿನಲ್ಲಿ ಓದಿದಳು. ಆ ಕಡೆ ಪಾತ್ರೆ ಕೆಳಗಿಟ್ಟ ಸದ್ದಾಯಿತು. ಎಂಬತ್ತನಾಲ್ಕರ ಲುವಿನಿಯಾ ಪ್ರುಯಿಟ್ ಸೊಪ್ಪು ಸೋಸುತ್ತ ಕುಳಿತಿದ್ದರು.

"ದೇವರ ಚಿತ್ತ ಇದ್ರೆ ಹೋಗ್ತೀನಿ ಮಗಳೇ."

ಡೆನೀಸಳ ಬೆರಳು ಅಲ್ಲೇ ನಿಂತಿತು. ಮೂರೂ ಅಲ್ಲದ ಉತ್ತರವನ್ನು 'ಹೇಳಲಾರೆ'ಗೆ ಹಾಕಬೇಕೆಂಬುದು ನಿಯಮ. ಹಾಕಿದೊಡನೆ ಯಂತ್ರ ಕರೆ ಮುಗಿಸಲು ಹೇಳಿ, ಆ ಮನುಷ್ಯರನ್ನು ವೋಟು ಹಾಕದವರ ಗುಂಪಿಗೆ ತಳ್ಳುತ್ತಿತ್ತು. ಅಮೆರಿಕದ ಜಾರ್ಜಿಯಾ ರಾಜ್ಯದ ಗವರ್ನರ್ ಚುನಾವಣೆಯಲ್ಲಿ ಎರಡು ಪಕ್ಷಗಳ ನಡುವೆ ಶೇಕಡಾ ಒಂದರಷ್ಟೇ ಅಂತರ. ಹಳ್ಳಿಗಳಲ್ಲಿರುವ, ಎಪ್ಪತ್ತೈದು ದಾಟಿದ ಕಪ್ಪು ಹೆಂಗಸರು ಸಮೀಕ್ಷೆಗೆ ನಲವತ್ತು ಮಂದಿ ಬೇಕಿತ್ತು. ಹತ್ತು ದಿನ ಕರೆ ಮಾಡಿದರೂ ಲೆಕ್ಕಕ್ಕೆ ಸಿಕ್ಕವರು ಹನ್ನೊಂದೇ ಮಂದಿ. ಈ ಸಲ ಅಜ್ಜಿಯಂದಿರಿಗೆ ಉತ್ಸಾಹವೇ ಇಲ್ಲ ಎಂದು ನಾಳೆಯ ಪತ್ರಿಕೆಗೆ ವರದಿ ಸಿದ್ಧವಾಗುತ್ತಿತ್ತು.

ಡೆನೀಸಳ ಅಜ್ಜಿಯೂ ಅಂಥದೇ ಹಳ್ಳಿಯವಳು. ಶನಿವಾರ ಸಂಜೆಯೇ ಚರ್ಚಿನ ಉಡುಪಿಗೆ ಗಂಜಿ ಹಾಕಿ, ಇಸ್ತ್ರಿ ಮಾಡಿ, ಟೋಪಿ ಒರೆಸಿಟ್ಟು, ನಾಳೆ ಚರ್ಚಿಗೆ ಬರುತ್ತೀಯಾ ಎಂದರೆ ದೇವರ ಚಿತ್ತವಿದ್ದರೆ ಎನ್ನುತ್ತಿದ್ದಳು. ಒಂದು ಭಾನುವಾರವನ್ನೂ ತಪ್ಪಿಸಿದವಳಲ್ಲ. ಇನ್ನೂ ಬಾರದ ದಿನದ ಬಗ್ಗೆ 'ಖಂಡಿತ' ಎನ್ನುವುದು ದೇವರೆದುರು ಬಾಯಿ ಮಾಡಿದಂತೆ ಎಂದು ಆ ತಲೆಮಾರಿನವರ ಎಣಿಕೆ.

ಪ್ರಶ್ನೆಯನ್ನು ಇನ್ನೊಂದು ಸಲ ಓದಬಹುದಿತ್ತು, ತನ್ನ ಮಾತು ಸೇರಿಸುವಂತಿರಲಿಲ್ಲ. ಮೇಲ್ವಿಚಾರಕ ವೆಂಡೆಲ್ ಆ ಕರೆಯನ್ನು ಕೇಳಿಸಿಕೊಳ್ಳುತ್ತಿದ್ದಾನೆಂದು ಪರದೆಯ ಮೂಲೆಯ ಕೆಂಪು ಚುಕ್ಕೆ ಹೇಳುತ್ತಿತ್ತು. ಡೆನೀಸ್ ನಿಧಾನವಾಗಿ ಮತ್ತೆ ಓದಿದಳು. ಲುವಿನಿಯಾ ನಕ್ಕರು. "ಮೂರೇನಾ ಇರೋದು? ನಂದು ನಾಲ್ಕನೇದು ಅಂತ ಬರ್ಕೊ."

"ನಾಲ್ಕನೇದು ಇಲ್ಲಮ್ಮ."

"ಹಾಗಾದ್ರೆ ನಾನು ತಪ್ಪು ಹೇಳಿದ್ನಾ?" ಎಂದರು ಲುವಿನಿಯಾ. ಅರವತ್ತನಾಲ್ಕನೇ ಇಸವಿಯಲ್ಲಿ ಮತದಾರರ ಪಟ್ಟಿಗೆ ಹೆಸರು ಬರೆಸಲು ಕೋರ್ಟು ಕಟ್ಟಡದ ಕಚೇರಿಗೆ ಹೋದಾಗಲೂ ಮೇಜಿನ ಹಿಂದಿನ ಗುಮಾಸ್ತ ಹೀಗೇ ಪ್ರಶ್ನೆ ಕೇಳಿದ್ದನಂತೆ. ಏನು ಹೇಳಿದರೂ ತಪ್ಪು. ಹನ್ನೆರಡು ಮೈಲಿ ನಡೆದು ಮೂರು ಸಲ ಹೋಗಿ, ಮೂರು ಸಲವೂ ಬರಿಗೈಯಲ್ಲಿ ಬಂದಿದ್ದರು. ಕಪ್ಪು ಜನರ ವೋಟಿಗೆ ಅಡ್ಡಿ ಮಾಡಬಾರದೆಂಬ ಕಾನೂನು ಮರುವರ್ಷ ಬಂದ ಮೇಲೆ ಮತ್ತೆ ಹೋದರು. ಅದೇ ಗುಮಾಸ್ತನೇ ಹೆಸರು ಬರೆದುಕೊಳ್ಳಬೇಕಾಯಿತು. "ಪಿ, ಆರ್, ಯು ಅಂತ ಒಂದೊಂದೇ ಅಕ್ಷರ ಹೇಳ್ದೆ, ಅವನಿಗೆ ತಪ್ಪಾಗದ ಹಾಗೆ" ಎಂದರು.

ಅವರು ಹೇಳದ 'ಖಂಡಿತ'ವನ್ನು ಡೆನೀಸ್ ಒತ್ತಲಿಲ್ಲ. ನಿಯಮದಂತೆ 'ಹೇಳಲಾರೆ' ಒತ್ತಿದಳು. ಧನ್ಯವಾದ ಹೇಳಿ ಕರೆ ಮುಗಿಸಿ ಎಂದು ಪರದೆ ಬರೆಯಿತು. ಅವಳು ಮುಗಿಸಲಿಲ್ಲ. ನಿಯಮ ಮೀರಿ, "ಅಮ್ಮಾ, ಇದು ನಿಮ್ಮನ್ನ ಲೆಕ್ಕಕ್ಕೆ ತಗೊಳ್ಳಲ್ಲ" ಎಂದುಬಿಟ್ಟಳು.

"ತಗೊಳ್ದಿದ್ರೆ ಅದರ ಪಾಡು. ನಿನ್ನ ದನಿ ಯಾಕೆ ಸಣ್ಣಗಾಯ್ತು? ಮಧ್ಯಾಹ್ನ ಏನಾದ್ರೂ ತಿಂದ್ಯಾ?" ಎಂದರು ಲುವಿನಿಯಾ. ಬೆಳಗಿನಿಂದ ನೂರಾರು ಮಂದಿ ಫೋನು ಕುಕ್ಕಿದ್ದರು. ಅವಳ ಊಟ ಕೇಳಿದವರು ಇವರೊಬ್ಬರೇ. "ನೀನಿಷ್ಟು ಕೇಳ್ದೆಯಲ್ಲ, ನಾನೊಂದು ಕೇಳ್ತೀನಿ. ನೀನು ವೋಟಿಗೆ ಹೋಗ್ತೀಯ ತಾನೆ?"

"ದೇವರ ಚಿತ್ತ ಇದ್ರೆ ಹೋಗ್ತೀನಮ್ಮ" ಎಂದಳು ಡೆನೀಸ್, ಯೋಚಿಸದೆ.

ಅವಳು ಫೋನು ಇಡುವಷ್ಟರಲ್ಲಿ ವೆಂಡೆಲ್ ಬಂದು ನಿಂತಿದ್ದ. ಮನೆಗೆ ಹೋಗು ಎನ್ನುತ್ತಾನೆಂದು ಅವಳು ಚೀಲಕ್ಕೆ ಕೈ ಹಾಕಿದಳು. ಅವನು ಒಂದು ಚೀಟಿಯನ್ನು ಅವಳ ಮುಂದಿಟ್ಟ. ಮಂಗಳವಾರ ಬೆಳಗ್ಗೆ ವೋಟಿಗೆಂದು ರಜೆ ಕೇಳಿ ಅವಳು ಆಗಸ್ಟ್‌ನಲ್ಲೇ ಕೊಟ್ಟಿದ್ದ ಚೀಟಿ. ಇಡೀ ಕಚೇರಿಯಲ್ಲಿ ಮೊದಲು ಬಂದದ್ದು ಅದೇ.

"ಇಷ್ಟು ಮೊದಲೇ ರಜೆ ಕೇಳಿದೋಳು ನೀನು. ನಿನ್ನನ್ನೂ ಆಚೆ ಹಾಕ್ತಿತ್ತಲ್ಲ ಈ ಯಂತ್ರ" ಎಂದ. ಆಮೇಲೆ 'ಹೇಳಲಾರೆ' ಎಂದು ಮುಚ್ಚಿಹೋದ ಕರೆಗಳ ಧ್ವನಿಮುದ್ರಿಕೆ ತೆರೆದು ಇಬ್ಬರೂ ಕುಳಿತು ಕೇಳಿದರು. ಬೇರೆ ಬೇರೆ ಊರಿನ ಇಪ್ಪತ್ತಾರು ಅಜ್ಜಿಯಂದಿರು, ಒಂದೇ ಮಾತು. ವೆಂಡೆಲ್ ಮುಖ್ಯ ಕಚೇರಿಗೆ ಫೋನು ಮಾಡಿ ವರದಿಯನ್ನು ತಡೆಯಿರಿ ಎಂದ, ಗಟ್ಟಿಯಾಗಿಯೇ. ಒಂದು ಗಂಟೆಯೊಳಗೆ ಅಪ್ಪಣೆ ಬಂತು: ಹೀಗೆ ಹೇಳಿದವರನ್ನು ಕೈಬಿಡಬೇಡಿ, ಹಿಂದೆ ಎಷ್ಟು ಚುನಾವಣೆಗಳಲ್ಲಿ ವೋಟು ಹಾಕಿದ್ದಾರೆಂದು ಕೇಳಿ ಸೇರಿಸಿಕೊಳ್ಳಿ.

ಡೆನೀಸ್ ಮೊದಲು ಲುವಿನಿಯಾರ ನಂಬರನ್ನೇ ಒತ್ತಿದಳು. ಸೊಪ್ಪು ಈಗ ಒಲೆಯ ಮೇಲಿತ್ತು. "ಅಮ್ಮಾ, ಇದುವರೆಗೆ ಎಲ್ಲಾ ಚುನಾವಣೆಗೂ ವೋಟು ಹಾಕಿದ್ದೀರಾ? ಎಲ್ಲಕ್ಕೂ, ಕೆಲವಕ್ಕೆ, ಯಾವುದಕ್ಕೂ ಇಲ್ಲ" ಎಂದು ಓದಿದಳು.

"ಎಲ್ಲಕ್ಕೂ" ಎಂದರು ಲುವಿನಿಯಾ. "ಅದು ಆಗಿಹೋದ ಮಾತು ಮಗಳೇ. ಅದಕ್ಕೆ ಹಾಕ್ಕೊ, ಆ ನಿನ್ನ 'ಖಂಡಿತ'ನ."