ತಾನಾಗಿ ಹೋಗುವ ಕೈ

"ಅರ್ಧ ಬಟ್ಟಲು ಗೋಡಂಬಿ ಖಾಲಿ," ಎಂದರು ಪ್ರೊಫೆಸರ್, ಸಾವಿನ ಸುದ್ದಿ ತಂದವರ ದನಿಯಲ್ಲಿ. "ನಿಮ್ಮ ಮಗಳು ಸುಳ್ಳು ಹೇಳ್ತಿದಾಳೆ ಅಂತ ನಾನು ಅನ್ನಲ್ಲಮ್ಮ. ಪಾಪ, ಅವಳಿಗೇ ಗೊತ್ತಿಲ್ಲ. ಇಂಥ ಮಕ್ಕಳ ಕೈ ತಾನಾಗಿ ಬಾಯಿಗೆ ಹೋಗುತ್ತೆ, ತಲೆಗೆ ಸುದ್ದಿನೇ ಮುಟ್ಟಲ್ಲ. ನನ್ನ ಸಂಶೋಧನೆ ಇರೋದೇ ಇದರ ಮೇಲೆ."

"ನಾನು ಒಂದೂ ತಿಂದಿಲ್ಲ," ಎಂದಳು ಹುಡುಗಿ. ಒಂಬತ್ತನೇ ತರಗತಿಯವಳು, ಶಾಲೆಯಲ್ಲಿ ಅವಳನ್ನು ಕರೆಯುವುದು 'ಡ್ರಮ್ಮು' ಎಂದು.

"ಬಾಯ್ಮುಚ್ಚು. ತಕ್ಕಡಿ ಸುಳ್ಳು ಹೇಳುತ್ತಾ?" ಎಂದಳು ತಾಯಿ. ಅವಳ ಕೈಚೀಲದಲ್ಲಿ, ಬರುವ ದಾರಿಯಲ್ಲೇ ಕೊಂಡ ಹೊಸ ಬೀಗವಿತ್ತು. ಮಗಳು ಕದ್ದು ತಿನ್ನುತ್ತಾಳೆಂಬ ಗುಮಾನಿ ಮನೆಯಲ್ಲಿ ಎಲ್ಲರಿಗೂ ಇತ್ತು. ಇಲ್ಲಿ ಅದು ನಿಜವೆಂದಾದರೆ ಅಡುಗೆಮನೆಯ ಕಪಾಟಿಗೆ ಬೀಗ. "ಆಗಲಿ, ಬಟ್ಟಲು ತೂಗಿಯೇ ನೋಡಲಿ" ಎಂದು ಹಟ ಹಿಡಿದು ಬಂದವಳು ಹುಡುಗಿಯೇ.

ಪ್ರೊಫೆಸರರ ಕೈಕೆಳಗೆ ಪಿಎಚ್.ಡಿ. ಮಾಡುತ್ತಿದ್ದ ತರುಣಿ ಹುಡುಗಿಯ ಮುಖ ನೋಡಿದಳು. ಆ ಮುಖದಲ್ಲಿ ಅಳು ಇರಲಿಲ್ಲ. ಅಳುವುದನ್ನೂ ಯಾರೂ ನಂಬಲಿಕ್ಕಿಲ್ಲ ಎಂಬ ದಣಿವು ಇತ್ತು. "ಸರ್, ಇನ್ನೊಂದು ಸಲ ಪರೀಕ್ಷೆ ಮಾಡೋಣವಾ? ಈ ಸಲ ಅಮ್ಮನೂ ಒಳಗೇ ಕೂತಿರಲಿ," ಎಂದಳು. ಪ್ರೊಫೆಸರ್ ದೊಡ್ಡ ಮನಸ್ಸು ಮಾಡಿದರು. ಮಕ್ಕಳ ಬೊಜ್ಜಿನ ಬಗ್ಗೆ ಭಾಷಣ ಮಾಡಲು ದೇಶ ದೇಶ ಸುತ್ತಿ, ಎಲ್ಲ ಕಡೆಯೂ ಔತಣ ಉಂಡು ಬಂದವರಿಗೆ ದೊಡ್ಡ ಮನಸ್ಸಿಗೇನು ಕೊರತೆ?

ಸಣ್ಣ ಕೋಣೆ. ಒಂದು ಸೋಫಾ, ಒಂದು ಟೀವಿ, ಗೋಡೆಯಗಲ ಒಂದು ಕನ್ನಡಿ. ಕನ್ನಡಿಯ ಆ ಕಡೆ ಪ್ರೊಫೆಸರರ ಕತ್ತಲೆ ಕೋಣೆ: ಅಲ್ಲಿಂದ ಇಲ್ಲಿನದೆಲ್ಲ ಕಾಣುತ್ತದೆ, ಇಲ್ಲಿಂದ ಅಲ್ಲಿನದೇನೂ ಕಾಣುವುದಿಲ್ಲ. ಅಲ್ಲಿ ಕತ್ತಲೆ ಇರುವವರೆಗೆ ಮಾತ್ರ. ಅದಕ್ಕೇ ಆ ಕೋಣೆಯ ಸ್ವಿಚ್ಚಿನ ಪಕ್ಕ ಪ್ರೊಫೆಸರರು ಸ್ವಂತ ಕೈಯಲ್ಲಿ 'ಹಾಕಲೇಬಾರದು' ಎಂದು ಬರೆದು ಅಂಟಿಸಿದ್ದರು.

ಟೀವಿಯಲ್ಲಿ ಸಿನಿಮಾ ಶುರುವಾಯಿತು. ಮುಂದೆ ಉಪ್ಪು ಹಾಕಿ ಹುರಿದ ಗೋಡಂಬಿಯ ಬಟ್ಟಲು, ತುಂಬಿ ತುಳುಕುವಷ್ಟು. ತಾಯಿ ಸಿನಿಮಾ ನೋಡಲಿಲ್ಲ. ಹಾಲಿನ ಪಾತ್ರೆ ಕಾಯುವವಳ ಹಾಗೆ ಮಗಳ ಕೈಯನ್ನೇ ಕಾದಳು. ಹುಡುಗಿ ಎರಡೂ ಕೈಯನ್ನು ತೊಡೆಯ ಕೆಳಗೆ ಸೇರಿಸಿಕೊಂಡು ಕೂತಳು. ಸಿನಿಮಾ ಮುಗಿದಾಗ ಬಟ್ಟಲು ಬಂದ ಹಾಗೆಯೇ ಇತ್ತು. ತರುಣಿ ಅದನ್ನು ಕತ್ತಲೆ ಕೋಣೆಗೆ ಒಯ್ದು ಪ್ರೊಫೆಸರರ ಮೇಜಿನ ಮೇಲಿಟ್ಟು, ತಕ್ಕಡಿ ತರಲು ಹೋದಳು.

"ಅಮ್ಮ, ಈಗಲಾದರೂ..." ಎಂದು ಹುಡುಗಿ ಬಾಯಿ ತೆರೆಯುವಷ್ಟರಲ್ಲಿ ಕನ್ನಡಿ ಇದ್ದಕ್ಕಿದ್ದಂತೆ ಕಿಟಕಿಯಾಯಿತು.

ಆ ಕಡೆ ದೀಪ ಹತ್ತಿತ್ತು. ಪ್ರೊಫೆಸರ್ ಕಿವಿ ಮತ್ತು ಭುಜದ ನಡುವೆ ಫೋನು ಸಿಕ್ಕಿಸಿಕೊಂಡು, ಅತ್ತಲಿಂದ ಕೇಳಿದವರಿಗೆ ಏನನ್ನೋ ಹೇಳಲು ತಾವೇ ದೀಪ ಹಾಕಿಕೊಂಡು ಮೇಜಿನ ಮೇಲಿನ ಕಾಗದ ಓದುತ್ತಿದ್ದರು. ಎಡಗೈ ಕಾಗದದ ಮೇಲೆ. ಬಲಗೈ ಬಟ್ಟಲಿಗೆ ಹೋಯಿತು, ಬಾಯಿಗೆ ಬಂತು. ಮತ್ತೆ ಬಟ್ಟಲಿಗೆ ಹೋಯಿತು. ಕಣ್ಣು ಒಮ್ಮೆಯೂ ಆ ಕಡೆ ತಿರುಗಲಿಲ್ಲ. ಗಾಜಿನಾಚೆಯ ಮಾತು ಕೇಳಿಸುತ್ತಿರಲಿಲ್ಲ; ಕೆನ್ನೆ ಉಬ್ಬಿದಾಗ ಮಾತು ನಿಲ್ಲುವುದು, ನುಂಗಿದ ಮೇಲೆ ಸಾಗುವುದು ಮಾತ್ರ ಕಾಣುತ್ತಿತ್ತು.

ತಕ್ಕಡಿ ಹಿಡಿದು ಬಂದ ತರುಣಿ ಆ ಕೋಣೆಯ ಬಾಗಿಲಲ್ಲೇ ನಿಂತುಬಿಟ್ಟಳು. ದೀಪ ಆರಿಸಲು ಅವಳ ಕೈ ಅಭ್ಯಾಸಬಲದಿಂದ ಸ್ವಿಚ್ಚಿನ ಕಡೆ ಹೋಯಿತು. ಗಾಜಿನಾಚೆ ಹುಡುಗಿಯ ಮುಖ ಕಂಡಿತು. ಅವಳ ಪಿಎಚ್.ಡಿ. ಪದವಿ ಈ ಮನುಷ್ಯನ ಒಂದು ಸಹಿಯಲ್ಲಿತ್ತು. ಆದರೂ ಅವಳು ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.

"ಅಯ್ಯೋ, ಶಾಸ್ತ್ರ ಹೇಳೋಕೆ, ಬದನೆಕಾಯಿ ತಿನ್ನೋಕೆ," ಎಂದಳು ತಾಯಿ, ಉಸಿರಿನಲ್ಲೇ.

"ಬೈಬೇಡಮ್ಮ. ಪಾಪ, ಅವರಿಗೆ ಗೊತ್ತೇ ಇಲ್ಲ, ನೋಡು," ಎಂದಳು ಹುಡುಗಿ.

ತಾಯಿ ಮಗಳ ತಲೆಯ ಮೇಲೆ ಕೈಯಿಟ್ಟಳು. ಮುಂದಲೆಯ ಕೂದಲನ್ನು ಕಿವಿಯ ಹಿಂದಕ್ಕೆ ಸರಿಸಿದಳು, ಅಷ್ಟೆ.

ಸ್ವಲ್ಪ ಹೊತ್ತಿಗೆ ಪ್ರೊಫೆಸರ್ ಈ ಕಡೆ ಬಂದರು. ಮುಖದಲ್ಲಿ ಅದೇ ಮರುಕ, ಮೀಸೆಯಲ್ಲಿ ಗೋಡಂಬಿಯ ಚೂರು.

"ಬೇಜಾರು ಮಾಡ್ಕೋಬೇಡಿಮ್ಮ. ನೀವು ಪಕ್ಕದಲ್ಲಿ ಕೂತಿದ್ದರೂ ಅಷ್ಟೇ ನೋಡಿ, ಈ ಸಲವೂ ಬಟ್ಟಲಿನ ತೂಕ ಇಳಿದಿದೆ. ನಾನು ಹೇಳಲಿಲ್ವಾ? ಕಪಾಟಿಗೆ ಬೀಗ ಹಾಕಿಬಿಡಿ. ಮಕ್ಕಳಿಗೆ ಅದೇ ಒಳ್ಳೇದು."

ತಾಯಿ ಕೈಚೀಲದಿಂದ ಬೀಗ ತೆಗೆದು ಅವರ ಎಡಗೈಯಲ್ಲಿಟ್ಟಳು. "ಇದನ್ನ ನಿಮ್ಮ ಮನೆಯವರಿಗೆ ಕೊಡಿ ಸರ್. ಬೀಗದ ಕೈ ಮಾತ್ರ ನೀವು ಇಟ್ಕೋಬೇಡಿ."

ಪ್ರೊಫೆಸರ್ ಬೀಗವನ್ನು ನೋಡಿದರು, ತಾಯಿಯನ್ನು ನೋಡಿದರು. ಅರ್ಥವಾಗಲಿಲ್ಲ.

"ಸರ್, ಮೀಸೆಯಲ್ಲಿ ಏನೋ ಇದೆ," ಎಂದಳು ಹುಡುಗಿ ಮೆಲ್ಲಗೆ, ತನ್ನ ಕರವಸ್ತ್ರ ಮುಂದೆ ಚಾಚುತ್ತ.

ಅವರು ಅದನ್ನು ತೆಗೆದುಕೊಳ್ಳಲಿಲ್ಲ. ಬೀಗವನ್ನೇ ನೋಡುತ್ತ ನಿಂತಿದ್ದಂತೆ ಬಲಗೈ ಮೇಲೆದ್ದಿತು, ಮೀಸೆ ತಡವಿತು, ಚೂರನ್ನು ಹುಡುಕಿ ಹಿಡಿಯಿತು, ಬಾಯಿಗೆ ಹಾಕಿತು.