ಹತ್ತೂಮುಕ್ಕಾಲರ ಡಬ್ಬಿ

“ಇವತ್ತೊಂದಿನ ಡಬ್ಬಿ ತಗಸಬ್ಯಾಡ್ರಿ ಅಕ್ಕೋರ. ತಪಾಸಣಿಗೆ ಸಾಹೇಬ್ರು ಬರಾಕತ್ತಾರ.”

ಪ್ರಾರ್ಥನೆ ಮುಗಿಯುತ್ತಲೇ ಹೆಡ್‌ಮಾಸ್ತರ ಗುರುಶಿದ್ದಪ್ಪನವರು ಒಂದನೇ ಇಯತ್ತೆಯ ಜಯಾ ಅಕ್ಕೋರನ್ನು ತಡೆದು ನಿಲ್ಲಿಸಿದ್ದರು. ಕೇಶ್ವಾಪುರದ ಆ ಶಾಲೆಯಲ್ಲಿ ಊಟದ ಬಿಡುವು ಒಂದು ಗಂಟೆಗೆ. ಆದರೆ ಈ ಅಕ್ಕೋರು ಜೂನ್ ತಿಂಗಳಿಂದ ದಿನಾಲೂ ಹತ್ತೂಮುಕ್ಕಾಲಿಗೆ ಸರಿಯಾಗಿ ತಮ್ಮ ನಲವತ್ತೆರಡು ಮಕ್ಕಳ ಕೈಯಲ್ಲೂ ಡಬ್ಬಿ ತೆಗೆಸಿ, ಡಬ್ಬಿ ತಾರದವರಿಗೆ ತಾವೇ ಒಂದೊಂದು ಹಿಡಿ ಚುರುಮುರಿ ಕೊಟ್ಟು, ಪಾಠದ ನಡುವೆಯೇ ತಿನ್ನಿಸುತ್ತಿದ್ದರು. ಮೂವತ್ತೊಂದು ವರ್ಷ ಗಡಿಯಾರದ ಮುಳ್ಳು ನೋಡಿಯೇ ಗಂಟೆ ಬಾರಿಸಿದ ಮನುಷ್ಯನಿಗೆ ಅದು ಕಣ್ಣಲ್ಲಿ ಕಸ ಬಿದ್ದ ಹಾಗಾಗಿತ್ತು.

“ಆಗೂದಿಲ್ರಿ ಸರ,” ಅಂದರು ಜಯಾ ಅಕ್ಕೋರು. ಹತ್ತಿರ ಯಾರೂ ಇಲ್ಲವೆಂದು ನೋಡಿಕೊಂಡು ದನಿ ತಗ್ಗಿಸಿದರು. “ನನ್ನ ವರ್ಗದಾಗ ಒಂದ ಕೂಸಿಗೆ ಸಕ್ಕರಿ ಬ್ಯಾನಿ ಐತ್ರಿ. ಮುಂಜಾನೆ ಮನ್ಯಾಗ ಇಂಜೆಕ್ಷನ್ ಮಾಡಿ ಕಳಸ್ತಾರ. ಹೊತ್ತಿಗೆ ಸರಿಯಾಗಿ ತಿನ್ನಲಿಲ್ಲಂದ್ರ ಮೈಯಾಗಿನ ಸಕ್ಕರಿ ಇಳದು, ಕಣ್ಣಿಗೆ ಕತ್ತಲಿ ಬಂದು ಬೀಳತೈತಿ. ಜೀವಕ್ಕೂ ಧೋಕಾ ಐತ್ರಿ. ವಿದ್ಯಾನಗರದ ದವಾಖಾನಿಗೆ ಹೋಗಿ ಡಾಕ್ಟರನ್ನ ನಾನ ಕೇಳಿಕೊಂಡ ಬಂದೇನಿ.”

“ಅಯ್ಯ, ಹಂಗಾರ ಅದೊಂದನ್ನ ಹೊರಗ ಕಟ್ಟಿ ಮ್ಯಾಲೆ ಕುಂಡ್ರಿಸಿ ತಿನಸ್ರಿ! ಯಾವ ಕೂಸು ಅದು?”

“ಅದನ್ನಷ್ಟು ಕೇಳಬ್ಯಾಡ್ರಿ. ಮೊದಲಿನ ಬಾಲವಾಡ್ಯಾಗ ಹಂಗ ಹೊರಗ ಕುಂಡ್ರಿಸಿದ್ರಂತ. ಅಂಟು ಜಡ್ಡು ಅಂತ ತಿಳದು ಉಳದ ಹುಡುಗ್ರು ಅದರ ಬಾಜೂ ಕುಂಡ್ರೂದ ಬಿಟ್ರಂತ. ಸಾಲಿ ಅಂದ್ರ ಸಾಕು, ಅಳತಿತ್ತಂತ. ಯಾರಿಗೂ ಹೇಳೂದಿಲ್ಲಂತ ಅವರವ್ವನ ಕೈ ಮ್ಯಾಲೆ ಕೈ ಇಟ್ಟು ಮಾತು ಕೊಟ್ಟೇನ್ರಿ. ಒಬ್ರು ತಿಂದ್ರ ಎಲ್ಲಾರೂ ನೋಡ್ತಾರ. ಎಲ್ಲಾರೂ ತಿಂದ್ರ ನೋಡಾಕ ಯಾರ ಉಳೀತಾರ್ರಿ?”

ಗುರುಶಿದ್ದಪ್ಪನವರು ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಗೇಟಿನ ಬಳಿ ಜೀಪು ನಿಂತಿತು. ಕೋಟಿನ ಗುಂಡಿ ಹಾಕಿಕೊಳ್ಳುತ್ತ ಅತ್ತ ಓಡಿದರು.

ಸಾಹೇಬರು ಚಹಾ ಕುಡಿದು, ಹಾಜರಿ ಪುಸ್ತಕ ತಿರುವಿ ಹಾಕಿ, ಬೇರೆ ಎಲ್ಲೂ ಹೋಗದೆ ನೆಟ್ಟಗೆ ಒಂದನೇ ಇಯತ್ತೆಗೇ ಬಂದರು. ಮಕ್ಕಳನ್ನು ಎಬ್ಬಿಸಿ ಎರಡರ ಮಗ್ಗಿ ಹೇಳಿಸತೊಡಗಿದರು. ಮಗ್ಗಿ ಹದಿನಾರಕ್ಕೆ ಬಂದಿತ್ತು. ಜಯಾ ಅಕ್ಕೋರು ಕೈಗಡಿಯಾರ ನೋಡಿಕೊಂಡರು.

“ಕೂಡ್ರಿ ಮಕ್ಕಳ. ಡಬ್ಬಿ ತಗೀರಿ.”

ಸಾಹೇಬರ ಹಿಂದೆ ನಿಂತಿದ್ದ ಗುರುಶಿದ್ದಪ್ಪನವರು ಬೇಡವೆಂದು ಕೈ ಆಡಿಸಿದರು. ಮುಚ್ಚಳಗಳು ಟಣಟಣ ಸದ್ದು ಮಾಡಿದವು, ಶೇಂಗಾ ಹಿಂಡಿಯ ವಾಸನೆ ಖೋಲಿಯ ತುಂಬ ಹರಡಿತು. ಮುಂದಿನ ಸಾಲಿನಲ್ಲಿದ್ದ ಒಬ್ಬ ಚೋಟುದ್ದದ ಭೂಪ ರೊಟ್ಟಿ ಮುರಿದು “ಬೇಕೇನ್ರಿ?” ಎಂದು ಸಾಹೇಬರಿಗೇ ಚಾಚಿದ.

ಸಾಹೇಬರ ಪಿತ್ತ ನೆತ್ತಿಗೇರಿತು. “ಇದು ಸಾಲಿಯೋ, ಖಾನಾವಳಿಯೋ? ಯಾರ ಹುಕುಂ ಇದು?”

ಜಯಾ ಅಕ್ಕೋರ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ; ಸಾಹೇಬರು ಒಂದು ಸಾಲು ಬರೆದರೆ ಮನೆಗೆ ಹೋಗುವುದೇ. ಆದರೂ ಆ ಹೆಣ್ಣುಮಗಳು ಕೈಕಟ್ಟಿಕೊಂಡು ಮಕ್ಕಳು ತಿನ್ನುವುದನ್ನೇ ನೋಡುತ್ತ ನಿಂತಿದ್ದರು.

ಇದ್ದ ಕಾರಣ ಹೇಳಿಬಿಟ್ಟರೆ ಸಾಹೇಬರೇನು ರಾಕ್ಷಸರಲ್ಲ, ಕರಗಿಯಾರು. ಮಾತು ಗುರುಶಿದ್ದಪ್ಪನವರ ನಾಲಿಗೆಯ ತುದಿಗೇ ಬಂದಿತ್ತು. ಆದರೆ ಖೋಲಿಯಲ್ಲಿ ಎಂಬತ್ತನಾಲ್ಕು ಪುಟ್ಟ ಕಿವಿಗಳು. ಸಂಜೆಯೊಳಗೆ ಓಣಿ ಓಣಿಯಲ್ಲೂ ಆ ಕೂಸಿನ ಹುಡುಕಾಟ ಶುರುವಾಗುತ್ತಿತ್ತು. ಹೊರಗೆ ಕರೆದು ಹೇಳಿದರೂ ‘ಯಾವ ಕೂಸು, ತೋರಿಸಿ’ ಎನ್ನದೆ ಸಾಹೇಬರು ಬಿಡುತ್ತಿರಲಿಲ್ಲ. ಗುರುಶಿದ್ದಪ್ಪನವರೂ ಒಮ್ಮೆ ಮಕ್ಕಳ ಮೇಲೆ ಕಣ್ಣಾಡಿಸಿದರು. ಕಿಟಕಿಯ ಬಳಿಯ ಆ ಸಣಕಲನೇ? ಎರಡು ಜಡೆಯ ಆ ಮಂಕು ಹುಡುಗಿಯೇ? ಊಹೂಂ. ಎಲ್ಲರೂ ಒಂದೇ ಸಮನೆ ಗಲ್ಲ ಉಬ್ಬಿಸಿ ತಿನ್ನುತ್ತಿದ್ದರು. ಐದು ತಿಂಗಳು ತಾವು ಗೊಣಗಿದ್ದು ಇಂಥ ಕೆಲಸಕ್ಕೇ ಎಂದು ಅವರಿಗೆ ನಾಚಿಕೆಯಾಯಿತು. ತಮ್ಮ ಮಗಳ ವಯಸ್ಸಿನ ಆ ಅಕ್ಕೋರಿಗೆ ಮನಸ್ಸಿನಲ್ಲೇ ಕೈಮುಗಿದರು.

“ನನ್ನ ಹುಕುಂ ರೀ ಸಾಹೇಬ್ರ,” ಅಂದರು.

“ನಿಮ್ಮದ? ಇಷ್ಟು ಹಳೇ ಮಂದಿ ನೀವು! ಕಾರಣ?”

“ಸಣ್ಣ ಹುಡುಗ್ರು. ಹಸದ ಹೊಟ್ಯಾಗ ಮಗ್ಗಿ ಇಳಿಯೂದಿಲ್ರಿ.”

ಸಾಹೇಬರು ತಪಾಸಣೆಯ ಶೆರಾ ಪುಸ್ತಕ ತರಿಸಿ ಕೆಂಪು ಶಾಯಿಯಲ್ಲಿ ನಾಲ್ಕು ಸಾಲು ಗೀಚಿದರು: ಮುಖ್ಯಾಧ್ಯಾಪಕರು ವೇಳಾಪಟ್ಟಿ ಪಾಲಿಸುವುದಿಲ್ಲ, ಶಿಸ್ತಿಲ್ಲ. ನಿವೃತ್ತಿಗೆ ಎಂಟು ತಿಂಗಳಿರುವಾಗ ಗುರುಶಿದ್ದಪ್ಪನವರ ಹೆಸರಿಗೆ ಬಿದ್ದ ಮೊದಲ ಕೆಂಪು ಗೆರೆ ಅದು. ಕೆಳಗೆ ಅವರು ದುಂಡಗೆ ಸಹಿ ಹಾಕಿದರು.

ಜೀಪು ಹೋದ ಮೇಲೆ ಜಯಾ ಅಕ್ಕೋರು ಬಂದು ನಿಂತರು. ಅಷ್ಟು ಹೊತ್ತು ಗಟ್ಟಿಯಾಗಿ ನಿಂತಿದ್ದವರ ಕಣ್ಣು ಈಗ ತುಂಬಿತ್ತು. “ನಾ ಒಂದಿನ ಬರಲಿಲ್ಲಂದ್ರ ಯಾರಿಗರ ಗೊತ್ತಿರಬೇಕಲ್ರಿ ಸರ. ಅವರವ್ವನ್ನ ಒಪ್ಪಿಸಿ, ನಿಮಗೊಬ್ಬರಿಗೆ ಹೆಸರು ಹೇಳತೇನಿ.”

“ಬ್ಯಾಡ್ರಿ,” ಅಂದರು ಗುರುಶಿದ್ದಪ್ಪನವರು. “ನೀವು ಬರದ ದಿನ ಹತ್ತೂಮುಕ್ಕಾಲಿಗೆ ನಾ ಬಂದು ನಿಂದರತೇನಿ. ಹೆಸರು ಗೊತ್ತಾದ್ರ ಒಂದ ಕೂಸನ್ನ ನೋಡ್ತೇನ್ರಿ ನಾ. ಗೊತ್ತಿಲ್ಲಂದ್ರ ನಲವತ್ತೆರಡನ್ನೂ ನೋಡಬೇಕಾಗತೈತಿ.”