ಬಿಟ್ಟುಹೋದ ಸೊನ್ನೆ

ಗಣಿತದ ಮೇಡಂ ಉತ್ತರಪತ್ರಿಕೆಗಳ ಕಟ್ಟನ್ನು ಸ್ಟಾಫ್‌ರೂಮಿನ ಮೇಜಿನ ಮೇಲೆ ಧೊಪ್ಪನೆ ಹಾಕಿದರು. "ಏಳನೇ ಕ್ಲಾಸಿನ ಮೂವತ್ತೆಂಟು ಮಕ್ಕಳಲ್ಲಿ ಇಪ್ಪತ್ತಾರು ಜನ ತಪ್ಪು! 8.4, 8.35, ಇದರಲ್ಲಿ ಯಾವುದು ದೊಡ್ಡದು ಅಂದ್ರೆ 8.35 ಅಂತೆ. ನಾಲ್ಕಕ್ಕಿಂತ ಮೂವತ್ತೈದು ದೊಡ್ಡದಲ್ವಾ ಅಂತ ನನಗೇ ಪಾಠ ಹೇಳ್ತಾರೆ. ನಾನೂ ಹೇಳಿ ಹೇಳಿ ಸಾಕಾದೆ. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ!"

ಮೂಲೆಯಲ್ಲಿ ಚೆಂಡಿಗೆ ಗಾಳಿ ತುಂಬುತ್ತಿದ್ದ ಪೀಟಿ ಮೇಷ್ಟ್ರು, "ಮೈದಾನದಲ್ಲಿ ಅದೇ ಮಕ್ಕಳು ಒಂದ್ಸಲಾನೂ ತಪ್ಪಲ್ಲಪ್ಪ" ಎಂದು ತಮ್ಮಷ್ಟಕ್ಕೆ ಅಂದುಕೊಂಡರು. ಅಂದುಕೊಂಡದ್ದು ತುಸು ಜೋರಾಗಿಯೇ ಹೊರಬಿತ್ತು. ಮೀಟಿಂಗಿಗೆ ಕೂತಿದ್ದವರೆಲ್ಲ ತಿರುಗಿ ನೋಡಿದರು. ಮೇಷ್ಟ್ರು ನಾಲಿಗೆ ಕಚ್ಚಿಕೊಂಡರು. ಹನ್ನೊಂದು ವರ್ಷದಲ್ಲಿ ಮೀಟಿಂಗಿನಲ್ಲಿ ಅವರು ಬಾಯಿ ತೆರೆದಿದ್ದು ಆಕಳಿಸುವುದಕ್ಕೆ ಮಾತ್ರ. ಪರೀಕ್ಷೆ ಹತ್ತಿರ ಬಂತೆಂದರೆ ಅವರ ಪೀರಿಯಡ್ಡನ್ನು ಯಾರು ಬೇಕಾದರೂ ಕಿತ್ತುಕೊಳ್ಳಬಹುದಿತ್ತು.

"ಏನಂದ್ರಿ ಮೇಷ್ಟ್ರೇ?" ಎಂದು ಕೇಳಿದರು ಹೆಡ್ ಮೇಡಂ. ಅವರು ಈ ಶಾಲೆಗೆ ಬಂದು ಇನ್ನೂ ಮೂರು ತಿಂಗಳು.

"ಏನಿಲ್ಲ ಮೇಡಂ... ಓಟದ ಟೈಮು ಹೇಳಿದ್ರೆ ಸಾಕು, ಯಾರು ಫಸ್ಟು, ಯಾರು ಸೆಕೆಂಡು ಅಂತ ಥಟ್ಟನೆ ಹೇಳ್ಬಿಡ್ತಾರೆ. ಅದೂ ಪಾಯಿಂಟಿನ ಲೆಕ್ಕವೇ ಅಲ್ವಾ ಅಂತ..."

"ಓಡಿಸೋದು ಬೇರೆ, ಕಲಿಸೋದು ಬೇರೆ." ಗಣಿತದ ಮೇಡಂ ಕಡ್ಡಿ ಮುರಿದಂತೆ ಹೇಳಿದರು.

ಹೆಡ್ ಮೇಡಂ ಯಾರ ಪರವೂ ವಹಿಸಲಿಲ್ಲ. ಎದ್ದು ತಮ್ಮ ಕುರ್ಚಿಯನ್ನು ಮೇಷ್ಟ್ರ ಕಡೆ ಸರಿಸಿದರು. "ಇಲ್ಲಿ ಕೂತ್ಕೊಳ್ಳಿ. ಇವತ್ತಿನ ಮೀಟಿಂಗು ನೀವೇ ನಡೆಸಿ. ನಾಳೆ ಏಳನೇ ಕ್ಲಾಸಿಗೆ ಏನು ಮಾಡ್ಬೇಕು ಅಂತ ನೀವಿಬ್ಬರೂ ಗೊತ್ತು ಮಾಡಿ. ನನಗೇನು ಕೆಲಸ ಅಂತ ಕೊನೇಲಿ ಹೇಳಿದ್ರೆ ಸಾಕು."

"ಕೆಟ್ಟುಹೋದ್ರೆ?" ಎಂದರು ಗಣಿತದ ಮೇಡಂ.

"ಕೆಟ್ಟರೆ ಬೈಗುಳ ನನಗೆ. ಚೆನ್ನಾಗಾದ್ರೆ ಹೆಸರು ನಿಮಗೆ."

ಮೇಷ್ಟ್ರು ಕುರ್ಚಿಯ ತುದಿಯಲ್ಲಿ ಕೂತರು. ಎರಡು ಸಲ ಕೆಮ್ಮಿದರು. ಕೊನೆಗೆ ಗಣಿತದ ಮೇಡಮ್ಮೇ ಸವಾಲೆಸೆದರು. "ಒಬ್ಬರು ಎಂಟು ಸೆಕೆಂಡು, ಇನ್ನೊಬ್ಬರು ಹನ್ನೆರಡು ತಗೊಂಡ್ರೆ ಅದರಲ್ಲಿ ಕಲಿಯೋದೇನಿದೆ? ಟೈಮು ಕೂದಲೆಳೆಯಷ್ಟು ವ್ಯತ್ಯಾಸದಲ್ಲಿ ಬರ್ಬೇಕು. ಬರುತ್ತಾ?"

"ಬರುತ್ತೆ! ಐವತ್ತು ಮೀಟರು ಓಡಿಸೋಣ. ಜೋಡಿ ನಾನು ಹಾಕ್ತೀನಿ. ಯಾರಿಗೆ ಯಾರು ಸರಿಸಾಟಿ ಅನ್ನೋದು ನಂಗೆ ಬಾಯಿಪಾಠ ಮೇಡಂ." ಮೇಷ್ಟ್ರಿಗೆ ತಮ್ಮ ದನಿ ತಮಗೇ ಹೊಸದಾಗಿ ಕೇಳಿಸಿತು. ಮೂವತ್ತೆಂಟು ಮಕ್ಕಳ ಹೆಸರನ್ನೂ ಚೀಟಿ ನೋಡದೆ ಜೋಡಿ ಜೋಡಿಯಾಗಿ ಹೇಳುತ್ತ ಹೋದರು. ಗಣಿತದ ಮೇಡಂ ಮೊದಮೊದಲು ಸುಮ್ಮನೆ ಕೇಳುತ್ತಿದ್ದವರು, ಐದನೇ ಜೋಡಿಯ ಹೊತ್ತಿಗೆ ಪೆನ್ನು ತೆಗೆದು ಬರೆದುಕೊಳ್ಳತೊಡಗಿದರು.

ಮರುದಿನ ಮೊದಲ ಪೀರಿಯಡ್ಡಿಗೆ ಹೆಡ್ ಮೇಡಂ ಸುಣ್ಣದ ಪುಡಿಯ ಡಬ್ಬ ಹಿಡಿದು, ಸೊಂಟ ಬಗ್ಗಿಸಿ ಮೈದಾನದಲ್ಲಿ ಗೆರೆ ಎಳೆದರು. ಅವರ ಪಾಲಿಗೆ ಬಂದ ಕೆಲಸ ಅದು. ಗೆರೆಯೇನೋ ಸ್ವಲ್ಪ ಸೊಟ್ಟಗಾಯಿತು. ಮೇಷ್ಟ್ರು ಅಳುಕದೆ "ಇನ್ನೊಂದ್ಸಲ ಎಳೀರಿ ಮೇಡಂ" ಎಂದರು. ಅವರು ಎಳೆದರು.

ಓಟ ಮುಗಿಯುವ ಗೆರೆಯ ಬಳಿ ಮೇಷ್ಟ್ರು, ಗಣಿತದ ಮೇಡಂ ಇಬ್ಬರೂ ಒಂದೊಂದು ಸ್ಟಾಪ್‌ವಾಚ್ ಹಿಡಿದು ನಿಂತರು. ಏಳನೇ ಜೋಡಿ, ಒಂದೇ ಬೆಂಚಿನ ಇಬ್ಬರು ಹುಡುಗಿಯರು, ಬಿಟ್ಟ ಬಾಣದಂತೆ ಬಂದು ಗೆರೆ ದಾಟಿದರು. ಒಂದು ವಾಚು 9.08 ತೋರಿಸಿತು, ಇನ್ನೊಂದು 9.10. ಗಣಿತದ ಮೇಡಂ ಮರಕ್ಕೆ ಒರಗಿಸಿದ್ದ ಬೋರ್ಡಿನ ಮೇಲೆ ರೂಢಿಯಂತೆ 9.08, 9.1 ಎಂದು ಬರೆದರು.

"ಮೇಡಂ, ಸೊನ್ನೆ ಬಿಟ್ಟಿದೀರಿ!" ಮಕ್ಕಳ ಹಿಂಡೆಲ್ಲ ಕೂಗಿತು.

ಮೇಷ್ಟ್ರು ಕೂಡಲೇ ಅದನ್ನು ಹಿಡಿದುಕೊಂಡರು. "ಸೊನ್ನೆ ಬಿಟ್ರು. ಈಗ ಎಂಟು ದೊಡ್ಡದು, ಒಂದು ಚಿಕ್ಕದು. ಹಾಗಾದ್ರೆ ಸೋತವಳೇ ಗೆದ್ದಳಾ?"

"ಅದ್ಹೇಗಾಗುತ್ತೆ ಸಾರ್!" ಗೆದ್ದ ಹುಡುಗಿ ಏದುಸಿರು ಬಿಡುತ್ತಲೇ ಬೋರ್ಡಿನ ಹತ್ತಿರ ನುಗ್ಗಿದಳು. "ಸೊನ್ನೆ ಬರೀಲಿ, ಬಿಡಲಿ, ಆ ಒಂದು ಅಂದ್ರೆ ಹತ್ತೇ. ನಂದು ಬರೀ ಎಂಟು. ಕಮ್ಮಿ ಟೈಮು ನಂದೇ, ಫಸ್ಟೂ ನಾನೇ!"

ಗಣಿತದ ಮೇಡಂ ಸೀಮೆಸುಣ್ಣ ಹಿಡಿದ ಕೈಯನ್ನು ಹಾಗೇ ಎತ್ತಿ ನಿಂತರು. ಆಮೇಲೆ 8.4 ಎಂದು ಬರೆದು, ಅದರ ಪಕ್ಕದಲ್ಲಿ 8.35 ಬರೆದು ಮಕ್ಕಳತ್ತ ತಿರುಗಿದರು. "ನಾಲ್ಕು ಅಂದ್ರೆ ನಲವತ್ತು!" ಎಂದು ಮೈದಾನವೇ ಹಾರಿ ಬೀಳುವಂತೆ ಮಕ್ಕಳು ಕಿರುಚಿದರು. ಮೇಡಂ ಮೇಷ್ಟ್ರ ತೋಳು ಹಿಡಿದು ಅಲ್ಲಾಡಿಸಿಬಿಟ್ಟರು. "ಕೇಳಿದ್ರಾ ಮೇಷ್ಟ್ರೇ, ಕೇಳಿದ್ರಾ!" ಮೇಷ್ಟ್ರು ಮಾತಿನ ಬದಲು ಸೀಟಿ ಊದಿದರು.

ಗಂಟೆ ಹೊಡೆದ ಮೇಲೆ ಗಣಿತದ ಮೇಡಂ ತಡೆದು ತಡೆದು ಹೇಳಿದರು: "ನಾಳೆ ನನ್ನ ಕ್ಲಾಸಿಗೆ ಬಂದು ಹಿಂದೆ ಕೂತ್ಕೊಳ್ಳಿ. ನಾನು ಇನ್ನೂ ಎಲ್ಲೆಲ್ಲಿ ಸೊನ್ನೆ ಬಿಡ್ತೀನಿ ಅಂತ ನೀವು ನೋಡ್ಬೇಕು."

ಮರುದಿನ ಮೇಷ್ಟ್ರು ಹೋದರು. ಕೊನೆಯ ಬೆಂಚಿನಲ್ಲಿ ಮಂಡಿ ಮಡಿಸಲಾರದೆ ಮಡಿಸಿ, ಹೊಸ ನೋಟ್‌ಬುಕ್ಕು ಬಿಚ್ಚಿ ಕೂತರು. ಪಾಠದ ನಡುವೆ ಮೇಡಂ, "ಇದಕ್ಕೆ ಉತ್ತರ ಯಾರು ಹೇಳ್ತೀರಿ?" ಎಂದು ಕೇಳಿದಾಗ, ಇಡೀ ಕ್ಲಾಸಿನಲ್ಲಿ ಮೊದಲು ಮೇಲೆದ್ದದ್ದು ಪೀಟಿ ಮೇಷ್ಟ್ರ ಕೈ.